ಹಿಂದೆ ಬಿದ್ದವಳ ಸಾಲು

8 ಜುಲೈ 2025, ಮಂಗಳವಾರ

ಬೆಳಿಗ್ಗೆ ಗಾರ್ಮೆಂಟ್ಸ್‌ನ ಮ್ಯಾನೇಜರ್ ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಲೀಡರ್‌ಶಿಪ್ ಹುಟ್ಟಿನಿಂದ ಬರ್ಬೇಕಮ್ಮ, ನಿಂಗೆ ಅದಿದೆ. ಅದಕ್ಕೇ ಸೂಪರ್‌ವೈಸರ್ ಮಾಡಿದ್ದು." ಮಧ್ಯಾಹ್ನದವರೆಗೆ ನಾನೂ ನಂಬಿದ್ದೆ.

ಊಟವಾದ ಮೇಲೆ ಹೊಸದಾಗಿ ಸೇರಿದ ನೀಲಮ್ಮನ ಮಷೀನಿನ ಮುಂದೆ ಶರ್ಟಿನ ತೋಳುಗಳು ರಾಶಿ ಬಿದ್ದು ಇಡೀ ಲೈನು ನಿಂತಿತು. ನಾನು ಕೂಗಾಡಿದೆ. ಅವಳು ಗಡಿಬಿಡಿಯಲ್ಲಿ ಹೊಲಿದು ಹೊಲಿಗೆ ಇನ್ನೂ ಸೊಟ್ಟಗಾಯಿತು. ಆಗ ಕಾಲರ್ ಹೊಲಿಯುವ ಮುತ್ತವ್ವ ಎದ್ದು ಬಂದು ಅರ್ಧ ರಾಶಿ ಎತ್ತಿಕೊಂಡು ಹೋದಳು. ಅವಳನ್ನು ನೋಡಿ ಇನ್ನಿಬ್ಬರು ಬಂದರು. ಅರ್ಧ ಗಂಟೆಯಲ್ಲಿ ಲೈನು ಮತ್ತೆ ಓಡಿತು.

ಸಂಜೆ ಕಾಮಾಕ್ಷಿಪಾಳ್ಯದ ಬಸ್‌ಸ್ಟಾಪಿನಲ್ಲಿ ಕೇಳಿದೆ, "ನಿಂಗೆ ಯಾರು ಹೇಳಿದ್ರು ಮುತ್ತವ್ವ?"

"ಯಾರ್ ಹೇಳ್ಬೇಕ್ರಿ ಅಕ್ಕಾರ? ನಮ್ಮೂರಾಗ ಕಳೆ ತೆಗಿಯುವಾಗ ತನ್ನ ಸಾಲು ಮುಗಿಸಿದಾಕಿ ಹಿಂದ ಬಿದ್ದಾಕಿ ಸಾಲಿಗೆ ಕೈ ಹಚ್ಚಬೇಕ್ರಿ. ನಾ ಸಣ್ಣಾಕಿದ್ದಾಗ ಬದುವಿನ ಮ್ಯಾಲೆ ಕುಂತಬಿಡ್ತಿದ್ದೆ. ಅವ್ವ ಕೈ ಹಿಡಿದು ಕಲಿಸ್ಯಾಳ."

ಅಂದರೆ ಅವಳದ್ದೂ ಹುಟ್ಟಿನಿಂದ ಬಂದದ್ದಲ್ಲ. ನನ್ನದೂ ಅಲ್ಲ. ಈ ದೊಡ್ಡ ಗಂಟಲು, ಹಳೆಯ ಸೂಪರ್‌ವೈಸರ್ ಹತ್ತಿರ ಏಳು ವರ್ಷ ಬೈಸಿಕೊಂಡು ಕಲಿತದ್ದು.

ನೀಲಮ್ಮ ಇವತ್ತು ನನ್ನಿಂದ ಏನು ಕಲಿತಳೋ.