ಒಂಬತ್ತನೇ ನಿಯಮ

ನಜ್ಮಾ ಏರಿಯಾ, ದೋಹಾ, ಕತಾರ್
25-11-1996

ಪ್ರೀತಿಯ ಲೀಲಾ,

ನಾನಿಲ್ಲಿ ಕ್ಷೇಮ. ನೀನು, ಅಮ್ಮ, ಅಶ್ವಿತಾ ಎಲ್ಲರೂ ಸೌಖ್ಯ ಎಂದು ನಂಬಿದ್ದೇನೆ. ದೀಪಾವಳಿಯ ಹೊತ್ತಿಗೇ ಬರೆಯಬೇಕಿದ್ದ ಕಾಗದವನ್ನು ಈಗ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಬೈದು ಮುಗಿಸಿ ಮುಂದೆ ಓದು. ತಪ್ಪು ನನ್ನದಲ್ಲ, ನನ್ನ ಗೆಳೆಯ ಲ್ಯಾನ್ಸ್‌ಲಾಟನ ಕ್ಯಾಮೆರಾದ್ದು. ಮೂವತ್ತಾರು ಫೋಟೋ ಮುಗಿಯುವ ತನಕ ಆತ ರೀಲು ತೊಳೆಯಲು ಕೊಡುವ ಜನ ಅಲ್ಲ.

ವೀಸಾ ಬಂತಾ, ಸೂಟ್‌ಕೇಸ್ ತೆಗೆದುಕೊಳ್ಳಲಾ, ಅಶ್ವಿತಾಳ ಟೀಚರಿಗೆ ಏನು ಹೇಳಲಿ ಎಂದು ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಕಂಪನಿಯ ಪಾರ್ಕಿನ ಕಥೆ ಕೇಳು.

ನಮ್ಮ ಟಿಯರ್ನಿ ಸಾಹೇಬರು ಐರ್ಲೆಂಡಿನವರು ಎಂದು ಬರೆದಿದ್ದೆನಲ್ಲ? ಅವರ ಊರು ಕಡಲ ಬದಿಯ ಒಂದು ಹಳ್ಳಿ. ಬೇಸಿಗೆಯಲ್ಲಿ ಅಲ್ಲಿಗೆ ಪೇಟೆಯವರೆಲ್ಲ ಗಾಳಿ ತಿನ್ನಲು ಬರುತ್ತಾರಂತೆ. ಕತ್ತೆ ಸವಾರಿ, ಬ್ಯಾಂಡ್ ಬಾರಿಸುವ ಮಂಟಪ, ಕೊಳದಲ್ಲಿ ಪೆಡಲ್ ತುಳಿಯುವ ಹಂಸದ ದೋಣಿ. ಅದನ್ನೇ ಇಲ್ಲಿ ವಕ್ರಾ ಎಂಬ ಊರಿನ ಆಚೆ, ಮರಳಿನ ಮೇಲೆ, ಹಾಗೆಯೇ ತಂದಿಡುವುದು ಅವರ ಹಟ. ದಡದುದ್ದಕ್ಕೂ ಹತ್ತು ಮಳೆ ಮಂಟಪ ಕಟ್ಟಿಸಿದರು, ಲೀಲಾ! ಜನ ಒದ್ದೆಯಾಗಬಾರದಂತೆ. "ಸರ್, ಇಲ್ಲಿ ಮಳೆ ಎಲ್ಲಿ?" ಎಂದರೆ, "ಕಡಲು ಇದ್ದ ಮೇಲೆ ಮಳೆ ಬರಲೇಬೇಕು" ಎಂದರು. ನಮ್ಮ ಹೆಜಮಾಡಿಯಲ್ಲಾದರೆ ಅವರಿಗೆ ಗುಡಿ ಕಟ್ಟುತ್ತಿದ್ದರು. ಆದರೆ ಈಗ ಪಾರ್ಕಿನಲ್ಲಿ ಜನ ಮುಗಿಬೀಳುವುದು ಅದೇ ಮಂಟಪಗಳಿಗೆ, ನೆರಳಿಗಾಗಿ. ಮಂಟಪವೆಲ್ಲ ಭರ್ತಿ, ಬಿಸಿಲಿನಲ್ಲಿ ಕತ್ತೆಗಳು ಮಾತ್ರ.

ಇನ್ನು ಒಂದು ಗುಟ್ಟು. ಆರು ತಿಂಗಳಿಂದ ಕೊಳ ಹೀಗಿದೆ, ಹಂಸ ಹಾಗಿದೆ ಎಂದು ಬಣ್ಣಿಸಿ ಬರೆದೆನಲ್ಲ, ನಾನು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಆಫೀಸಿನಲ್ಲಿ ಸಾಹೇಬರಿಗೆ ಟೈಪ್ ಮಾಡಿಕೊಟ್ಟದ್ದನ್ನೇ ನಿನಗೆ ಬರೆದದ್ದು. ನನಗೆ ರಜೆ ಶುಕ್ರವಾರ ಮಾತ್ರ. ನವೆಂಬರ್ ಎಂಟಕ್ಕೆ, ಶುಕ್ರವಾರವೇ, ಪಾರ್ಕು ತೆರೆಯಿತು. ಹಂಸದ ಮೇಲೆ ಕೂತ ಫೋಟೋ ಕಳಿಸುತ್ತೇನೆಂದು ಅಶ್ವಿತಾಳಿಗೆ ಮಾತು ಕೊಟ್ಟಿದ್ದೆನಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟೆ.

ಗೇಟಿನಲ್ಲಿ ನಮ್ಮ ಉಳ್ಳಾಲದ ಅಬ್ಬಾಸ್. ನನ್ನನ್ನು ಕಂಡು ನಕ್ಕ, ಆದರೆ ಸರಪಳಿ ತೆಗೆಯಲಿಲ್ಲ.

"ಯಜ್ಞೇಶಣ್ಣ, ಬೋರ್ಡಿನಲ್ಲಿ ಒಂಬತ್ತನೇ ನಿಯಮ ಓದಿ. ಶುಕ್ರವಾರ ಫ್ಯಾಮಿಲಿಗೆ ಮಾತ್ರ. ನೀವು ಬ್ಯಾಚುಲರ್ ಅಲ್ವಾ?"

ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೆಲ್ಲ ಇಲ್ಲಿ ಬ್ಯಾಚುಲರ್‌ಗಳೇ. ಮೊಮ್ಮಕ್ಕಳಿದ್ದರೂ ಅಷ್ಟೇ.

"ಆ ನಿಯಮ ಟೈಪ್ ಮಾಡಿದವನೇ ನಾನು, ಮಾರಾಯ!"

"ಹಾಗಾದ್ರೆ ನಿಮಗೆ ಓದ್ಲಿಕ್ಕೆ ಸಹ ಬೇಡ. ನಿಮ್ಮನ್ನು ಬಿಟ್ಟರೆ ನನ್ನ ಕೆಲಸ ಖಲಾಸ್."

ಸಾಹೇಬರು ಬರೆಸಿದರು, ನಾನು ಟೈಪ್ ಮಾಡಿದೆ, ಅದೇ ನನ್ನ ಕಾಲಿಗೆ ತೊಡರಿತು ನೋಡು. ಪೆಚ್ಚುಮೋರೆ ಹಾಕಿ ನಿಂತಿದ್ದಾಗ ಬ್ಯಾಂಕಿನ ಲ್ಯಾನ್ಸ್‌ಲಾಟ್, ಅವನ ಹೆಂಡತಿ ವಿಲ್ಮಾ, ಎಂಟು ತಿಂಗಳ ಮಗು ಕಾರಿನಿಂದ ಇಳಿದರು. ವಿಷಯ ಕೇಳಿದ್ದೇ ತಡ, ವಿಲ್ಮಾ ಮಗುವನ್ನು ನನ್ನ ಕೈಗೆ ಕೊಟ್ಟರು.

"ಎತ್ತಿಕೊಳ್ಳಿ. ಮಗು ಎತ್ತಿದವರಿಗೆ ಯಾರೂ ಬ್ಯಾಚುಲರ್ ಹೇಳುದಿಲ್ಲ." ಅಬ್ಬಾಸನ ಕಡೆ ತಿರುಗಿ, "ಇವರು ನನ್ನ ತಮ್ಮ," ಎಂದರು.

"ವಿಲ್ಮಕ್ಕ, ನಿಮ್ಮ ತಮ್ಮ ಯಜ್ಞೇಶ್ ಶೆಟ್ಟಿಯಾ?"

"ಊರಲ್ಲಿ ನಮಗೆ ಎರಡು ಮನೆಗೂ ಒಂದೇ ಬಾವಿ. ತಮ್ಮ ಆಗ್ಲಿಕ್ಕೆ ಇನ್ನೆಂತ ಬೇಕು?"

ಅವರ ಊರು ಮಂಗಳೂರಿನ ಕುಲಶೇಖರ, ನಮ್ಮ ಹೆಜಮಾಡಿಯಿಂದ ಒಂದು ಗಂಟೆಯ ಬಸ್ಸು. ನಮ್ಮ ಬಾವಿ ಅಷ್ಟು ಉದ್ದ ಎಂದು ನನಗೂ ಅವತ್ತೇ ಗೊತ್ತಾದದ್ದು. ಅಬ್ಬಾಸ್ ಆಕಾಶ ನೋಡುತ್ತಾ ಸರಪಳಿ ಸರಿಸಿದ.

ಒಳಗೆ ಕಾಲಿಡುವಷ್ಟರಲ್ಲಿ ಟಿಯರ್ನಿ ಸಾಹೇಬರೇ ಎದುರಾದರು. ವಿಲ್ಮಾರನ್ನು ನೋಡಿದರು, ಮಗುವನ್ನು ನೋಡಿದರು, ನನ್ನ ಕೈ ಹಿಡಿದು ಕುಲುಕಿದರು. "ಕೊನೆಗೂ ಬಂದರಲ್ಲ! ಮಗು ಥೇಟ್ ನಿನ್ನ ಹಾಗೆಯೇ!" ಎಂದರು. ನಾನು "ಥ್ಯಾಂಕ್ಯೂ ಸರ್" ಎಂದುಬಿಟ್ಟೆ. ಲ್ಯಾನ್ಸ್‌ಲಾಟನ ಮುಖ ನೀನು ನೋಡಬೇಕಿತ್ತು. ವಿಲ್ಮಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಮಂಟಪದ ಹಿಂದೆ ಓಡಿದರು. ಅಂದಿನಿಂದ ಸಾಹೇಬರು ದಿನಾ ಬೆಳಿಗ್ಗೆ "ಫ್ಯಾಮಿಲಿ ಹೇಗಿದೆ?" ಎನ್ನುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಅದೇನೂ ಸುಳ್ಳಲ್ಲವಲ್ಲ.

ಆ ಮಗು ನನ್ನ ಕನ್ನಡಕ ಕಿತ್ತುಕೊಂಡು ಹೆಗಲಿಗೆ ಜೊಲ್ಲು ಸುರಿಸಿತು. ಎರಡು ವರ್ಷದ ಮೇಲೆ ಒಂದು ಮಗುವನ್ನು ಎತ್ತಿದ್ದು, ಲೀಲಾ. ಅಶ್ವಿತಾ ಈಗ ಎಷ್ಟು ಭಾರ ಇದ್ದಾಳೆ?

ಹಂಸದ ದೋಣಿ ಇಬ್ಬರು ತುಳಿಯುವಂಥದ್ದು. ಒಬ್ಬನೇ ಕೂತರೆ ಒಂದು ಕಡೆ ವಾಲುತ್ತದೆ, ಎಷ್ಟು ತುಳಿದರೂ ಕೊಳದ ನಡುವೆ ಗರಗರ ಸುತ್ತುತ್ತದೆ. ನಾನು ಸುತ್ತಿದೆ, ದಡದಲ್ಲಿದ್ದವನು ಸೀಟಿ ಊದಿದ, "ಯಲ್ಲಾ, ಯಲ್ಲಾ" ಎಂದು ಅವಸರಿಸಿ ಕೂಗಿದ, ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಗೆ ಕೊಕ್ಕೆ ಹಾಕಿ ಎಳೆದರು. ಫೋಟೋ ಇದರ ಜೊತೆ ಇಟ್ಟಿದ್ದೇನೆ. ಪಕ್ಕದ ಸೀಟಿನ ಮೇಲೆ ಬಿಳಿಯದು ಕಾಣುವುದು ನನ್ನ ಕರವಸ್ತ್ರ, ಬೆವರು ಒರೆಸಿ ಒಣಗಲು ಹಾಕಿದ್ದು.

ಅಮ್ಮನಿಗೆ ನಮಸ್ಕಾರ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬಾರದು ಎನ್ನು. ಅಶ್ವಿತಾಳಿಗೆ ಅಪ್ಪನ ಆಶೀರ್ವಾದ, ಎರಡು ಕೆನ್ನೆಗೂ ಒಂದೊಂದು ಮುತ್ತು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನವನೇ,
ಯಜ್ಞೇಶ್

ಮರೆತ ಮಾತು: ಮರೆತದ್ದೇನೂ ಅಲ್ಲ. ಸೂಟ್‌ಕೇಸ್ ತೆಗೆದುಕೊಳ್ಳಬೇಡ. ಪಾರ್ಕು ತೆರೆಯುವುದಕ್ಕೆ ಎರಡು ದಿನ ಮೊದಲೇ ಉತ್ತರ ಬಂದಿತ್ತು. ಟೈಪಿಸ್ಟ್ ಕೆಲಸದವನಿಗೆ ಫ್ಯಾಮಿಲಿ ವೀಸಾ "ಮಾಫಿ", ಅಂದರೆ ಇಲ್ಲವಂತೆ. ಕಾಗದ ತಡವಾದದ್ದು ಅದಕ್ಕೇ, ಕ್ಯಾಮೆರಾದ ತಪ್ಪಲ್ಲ. ಒಂಬತ್ತನೇ ನಿಯಮವನ್ನು ಸಾಹೇಬರು ಬರೆಸಲೂ ಇಲ್ಲ. ಅವರ ಪಟ್ಟಿ ಎಂಟಕ್ಕೆ ಮುಗಿದಿತ್ತು. "ಸರ್, ಇಲ್ಲಿ ಎಲ್ಲ ಕಡೆ ಹೀಗೇ" ಎಂದು ಹೇಳಿ ನಾನೇ ಸೇರಿಸಿದ್ದು. ಪಾರ್ಕು ತೆರೆಯುವಷ್ಟರಲ್ಲಿ ನೀವಿಬ್ಬರೂ ಬಂದಿರುತ್ತೀರಿ, ಶುಕ್ರವಾರ ನೂಕುನುಗ್ಗಲಿಲ್ಲದೆ ನಿಮ್ಮನ್ನು ತಿರುಗಾಡಿಸಬಹುದು ಎಂದುಕೊಂಡಿದ್ದೆ. ಆ ಕರವಸ್ತ್ರವೂ ಒಣಗಲು ಹಾಕಿದ್ದಲ್ಲ. ಮಂಗಳೂರು ಬಸ್ಸಿನ ಕಿಟಕಿಯಿಂದ ನಿನಗೆ ಸೀಟು ಹಿಡಿಯುತ್ತಿದ್ದೆನಲ್ಲ, ಹಾಗೆ ಹಾಕಿದ್ದು. ಅಶ್ವಿತಾ ಕೇಳಿದರೆ, ಅದು ಅಮ್ಮನ ಜಾಗ ಎನ್ನು. ಅವಳು ನನ್ನ ತೊಡೆಯ ಮೇಲೆ ಕೂರುತ್ತಾಳೆ.