ಮೂರನೇ ಮರಿಯ ಕಾಲಿನ ದಾರ

ಜೂನ್ 13, ಶನಿವಾರ ಮಧ್ಯಾಹ್ನ

ಟೀಚರಮ್ಮನಿಗೆ ನಿನ್ನ ದರ್ಜಿ ಗಂಡನ ನಮಸ್ಕಾರ.

"ಫೋನ್ ಮಾಡಬೇಡಿ, ಬೇಕಾದ್ರೆ ಬರೀರಿ" ಎಂದು ಹೇಳಿ ಹೋದವಳು ನೀನು. ನಾಲ್ಕು ತಿಂಗಳು ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಹಿತ್ತಲ ಅಂಜೂರದ ಗಿಡದಲ್ಲಿ ಟುವ್ವಿ ಹಕ್ಕಿ ಗೂಡು ಕಟ್ಟಿತು. ಹೆಬ್ಬೆರಳಿನಷ್ಟಿದೆ, ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಮಾಡಿ, ನಾರು ಪೋಣಿಸಿ ಹೊಲಿಯುತ್ತದೆ. ಅಳತೆಪಟ್ಟಿಯಿಲ್ಲ, ಗಿರಾಕಿಯ ಕಾಟವಿಲ್ಲ. ಇಪ್ಪತ್ತು ವರ್ಷದ ಅನುಭವಸ್ಥ ನಾನು ಸುಮ್ಮನಿರುತ್ತೇನೆಯೇ? ನಾರು ಗಟ್ಟಿಯಿಲ್ಲವೆಂದು, ಪ್ಯಾಂಟಿಗೆ ಹಾಕುವ ನೈಲಾನ್ ದಾರವನ್ನು ಗೇಣುದ್ದ ಕತ್ತರಿಸಿ ಕೊಂಬೆಗೆ ನೇತುಹಾಕಿದೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಕಂಪೌಂಡರು, "ಏನಪ್ಪಾ, ಗಿಡಕ್ಕೂ ಅಳತೆ ತಗೊಳ್ತಿದೀಯಾ? ನನ್ನ ಅಂಗಿ ಯಾವಾಗ ಕೊಡ್ತೀಯ?" ಎಂದರು. "ಹಕ್ಕೀದು ಮುಗೀಲಿ ಸ್ವಾಮಿ, ಅದಕ್ಕೆ ಹೆರಿಗೆ ಹತ್ರ ಬಂದಿದೆ" ಎಂದೆ.

ಹಕ್ಕಿ ದಾರ ಒಯ್ದಿತು. ನಾನು ಹಿಗ್ಗಿಹೋದೆ. ಹೊಲಿಗೆ ಯಂತ್ರವನ್ನು ಮುಂಬಾಗಿಲಿಂದ ಹಿತ್ತಲ ಕಿಟಕಿಗೆ ಎಳೆದುಕೊಂಡೆ. ಮೂರು ಮರಿ. ಅಪ್ಪ ಅಮ್ಮ ಸರದಿಯಲ್ಲಿ ಹುಳ ತರುವುದನ್ನು ನೋಡುತ್ತಲೇ ನನ್ನ ಊಟ. ಈ ಮನೆಯಲ್ಲಿ ಹೊಲಿಗೆ ಉಂಟು, ಸಲಿಗೆ ಇಲ್ಲ. ಪ್ರಾಸ ಕೂಡುತ್ತದೆ, ಪಂಕ್ತಿಗೆ ಜನ ಕೂಡುವುದಿಲ್ಲ.

ಗುರುವಾರ ಬೆಳಿಗ್ಗೆ ಎರಡು ಮರಿ ಹಾರಿದವು. ಮೂರನೆಯದು ಹಾರಲು ಹೋಗಿ ಗೂಡಿನ ಕೆಳಗೆ ತಲೆಕೆಳಗಾಗಿ ತೂಗಾಡಿತು. ಕಾಲಿಗೆ ನನ್ನ ದಾರ ಸುತ್ತಿಕೊಂಡಿತ್ತು. ನಾರಾಗಿದ್ದರೆ ಹರಿದುಹೋಗುತ್ತಿತ್ತು. ತಾಯಿ ನನ್ನ ತಲೆಯ ಸುತ್ತ ಅರಚುತ್ತಿತ್ತು. ಗುಂಡಿತೂತು ಕತ್ತರಿಸುವ ಕಾಜಾ ಕತ್ತರಿ ತಂದೆ. ಮೂರು ಸುತ್ತು ಬಿಡಿಸಿದ ಮೇಲೆ ಮರಿ ಅಂಗೈಯಲ್ಲಿ ಸ್ವಲ್ಪ ಹೊತ್ತು ಕೂತಿತ್ತು. ಕೋಟಿನ ನಾಲ್ಕು ಗುಂಡಿಯಷ್ಟು ಭಾರ. ಆಮೇಲೆ ಬೇಲಿಗೆ ಹಾರಿ, ಒಂದೇ ಕಾಲೂರಿ ನಿಂತಿತು. ತಾಯಿ ಬಂದು ಹುಳ ಕೊಟ್ಟಿತು. ನಾನು ಬಿಡಿಸಿದ ದಾರ ಹಿಡಿದು ಮೆಟ್ಟಿಲ ಮೇಲೆ ಕೂತೆ.

ನಿನ್ನ ನೇಮಕದ ಪತ್ರವನ್ನು ಲೈನಿಂಗ್ ಬಟ್ಟೆಯ ಕೆಳಗೆ ಎಂಟು ದಿನ ಮುಚ್ಚಿಟ್ಟೆನಲ್ಲ, ಸಿಕ್ಕಿಬಿದ್ದಾಗ "ನಿನ್ನ ಒಳ್ಳೇದಕ್ಕೇ" ಅಂದಿದ್ದೆ. ಕೆಲಸಕ್ಕೆ ಸೇರಲು ಒಂದೇ ದಿನ ಉಳಿದಿತ್ತು. "ಬೇಡ ಅಂದಿದ್ರೆ ಜಗಳ ಆಡ್ತಿದ್ದೆ, ಅಷ್ಟೇ. ಬಚ್ಚಿಟ್ರಲ್ಲ" ಎಂದು ನೀನು ಬಟ್ಟೆ ತುಂಬಿಕೊಂಡೆ. ಅಂಚೆ ತಡವಾಯಿತೆಂದು ನಿಮ್ಮಣ್ಣನಿಗೆ ಸುಳ್ಳು ಹೇಳಿದವನೂ ನಾನೇ. ಪತ್ರ ಮುಚ್ಚಿಟ್ಟದ್ದು ನಿನ್ನ ಒಳ್ಳೆಯದಕ್ಕಲ್ಲ, ಒಬ್ಬನೇ ಉಣ್ಣುವ ಹೆದರಿಕೆಗೆ.

ಬಾ ಎಂದು ಕರೆಯುವುದಿಲ್ಲ. ಬರಬೇಕೆನಿಸಿದರೆ ಬಾ, ಅನಿಸದಿದ್ದರೆ ಎರಡು ಸಾಲು ಬರೆ. ಬೈದು ಬರೆದರೂ ಆದೀತು, ನಿನ್ನ ಅಕ್ಷರ ದುಂಡಗಿದೆ.

ಇಂತಿ,
ನಿನ್ನ ದರ್ಜಿ

ಮತ್ತೊಂದು ಮಾತು: ನಿನ್ನೆ ಮನೆಗೆ ಬೀಗ ಹಾಕಿ, ಬಸ್ಸು ಹತ್ತಿ ನಿನ್ನ ಶಾಲೆಯ ಗೇಟಿನವರೆಗೆ ಬಂದಿದ್ದೆ, ತಪ್ಪಾಯಿತೆಂದು ಹೇಳಿ ಕರೆದುಕೊಂಡೇ ಬರೋಣವೆಂದು. ನೀನು ಮಕ್ಕಳ ನಡುವೆ ನಿಂತು ಬಾಯ್ತುಂಬ ನಗುತ್ತಿದ್ದೆ. ಆ ನಗು ಕೇಳಿ ಎಷ್ಟೋ ವರ್ಷವಾಗಿತ್ತು. ಮುಗಿಯುವವರೆಗೂ ಕೇಳಿಸಿಕೊಂಡು, ಬಂದ ಬಸ್ಸಿಗೇ ವಾಪಸಾದೆ.