ನಡುವೆ ನಿಂತ ಮುಳ್ಳು

ಅಪ್ಪನಿಗೆ ನಮಸ್ಕಾರ.

ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾಳೆ. ಅದಕ್ಕೇ ಈ ಪತ್ರವನ್ನು ನಿಮ್ಮ ಒಗೆದ ಬಟ್ಟೆಗಳ ನಡುವೆ ಇಟ್ಟು ಚಿಕ್ಕಪ್ಪನ ಕೈಲಿ ಆಸ್ಪತ್ರೆಗೆ ಕಳಿಸುತ್ತಿದ್ದೇನೆ.

ನಿಮ್ಮ ಹಳೇ ಕಾರಿನ ಟೆಂಪರೇಚರ್ ಮುಳ್ಳು, ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗಲೂ ಸರಿಯಾಗಿ ನಡುವೆ ನಿಲ್ಲುತ್ತಿತ್ತು. ಹೊಸ ಸೆನ್ಸರ್ ಹಾಕಿದೆ, ಅಲ್ಲಾಡಲಿಲ್ಲ. ಸೆನ್ಸರಿನ ವೈರನ್ನೇ ಕಿತ್ತೆ, ಆಗಲೂ ಅಲ್ಲೇ! ತಲೆಗೆ ಹುಳ ಬಿಟ್ಟ ಹಾಗಾಯಿತು. ಡ್ಯಾಶ್‌ಬೋರ್ಡ್ ಬಿಚ್ಚಿದರೆ, ಯಾರೋ ಆ ವೈರ್ ಕತ್ತರಿಸಿ, ಮುಳ್ಳು ನಡುವೆಯೇ ನಿಲ್ಲುವಂತೆ ಸಣ್ಣದೊಂದು ರೆಸಿಸ್ಟರ್ ಕಟ್ಟಿದ್ದಾರೆ. ಸುತ್ತಿದ ಟೇಪಿನ ತುದಿಯನ್ನು ಅಂದವಾಗಿ ಮಡಚಿದ್ದರು. ಹಾಗೆ ಮಡಚುವವರು ನಮ್ಮ ಮನೆಯಲ್ಲಿ ಒಬ್ಬರೇ.

ಯಾಕೆಂದು ಆಮೇಲೆ ಹೊಳೆಯಿತು. ಮುಳ್ಳು ಒಂದು ಗೆರೆ ಏರಿದರೂ "ರೀ, ಗಾಡಿ ನಿಲ್ಸಿ" ಎಂದು ಅಮ್ಮ ಪ್ರಾಣ ತಿನ್ನುತ್ತಿದ್ದಳಲ್ಲ! ಆದರೆ ನೀರು ನಿಜವಾಗಿಯೂ ಕುದ್ದಿದ್ದರೆ?

ವೈರ್ ಮತ್ತೆ ಜೋಡಿಸಿದೆ. ನಿನ್ನೆ ಅಮ್ಮನನ್ನು ಕೂರಿಸಿಕೊಂಡು ಹೊರಟಾಗ ಮುಳ್ಳು ಮೆಲ್ಲಗೆ ಮೇಲೇರಿತು. ಅವಳು ಕೂಗಲಿಲ್ಲ. "ಅಂತೂ ಅಲ್ಲಾಡ್ತು ನೋಡು, ಹನ್ನೊಂದು ವರ್ಷ ಆಗಿತ್ತು. ನಂಗೊತ್ತಿತ್ತು ಅಂತ ನಿಮ್ಮಪ್ಪಂಗೆ ಹೇಳ್ಬೇಡ, ಪಾಪ," ಎಂದಳು.

ಮೊನ್ನೆ ಫೋನಿನಲ್ಲಿ ನೀವು ಆಸ್ಪತ್ರೆಯ ಟೆಸ್ಟ್ ರಿಪೋರ್ಟ್ "ಎಲ್ಲಾ ನಾರ್ಮಲ್" ಎಂದಾಗಲೂ ಅವಳು ಸುಮ್ಮನೆ ತಲೆಯಾಡಿಸಿದಳು.

ಶನಿವಾರ ನಿಮ್ಮನ್ನು ಮನೆಗೆ ಕರೆತರಲು ಬರುತ್ತೇವೆ. ಮುಂದಿನ ಸೀಟಿನಲ್ಲಿ ಅಮ್ಮ ಇರುತ್ತಾಳೆ. ರಿಪೋರ್ಟನ್ನು ಅವಳ ಕೈಗೇ ಕೊಡಿ.

ಇಂತಿ,
ಟೇಪ್ ಬಿಚ್ಚಿದ ನಿಮ್ಮ ಮಗಳು